ನಿಮಗಿದು ಗೊತ್ತೇ? ಛಾವಣಿ ಮೇಲಿನ ಡಿಶ್ ಕಾಳಗ

ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರೆ. ಟಿವಿ ಕಂಪನಿಗಳ ಜಗಳದಲ್ಲಿ ಆ ಮೂರನೆಯವರು ನಾವು. ಲಾಭ ಎಷ್ಟು ಬಂತು, ನೀವೇ ಲೆಕ್ಕ ಹಾಕಿ.

● ಮನೆ ಮೇಲೆ ಪುಟ್ಟ ಡಿಶ್ ಕೂರಿಸುವುದು ಭಾರತದಲ್ಲಿ ಒಂದು ಕಾಲಕ್ಕೆ ನಿಷಿದ್ಧ! ರೂಪರ್ಟ್ ಮರ್ಡಾಕ್ ಅವರ ಕಂಪನಿ ಡಿಟಿಎಚ್ (ಉಪಗ್ರಹದಿಂದ ನೇರ ಮನೆಗೆ ಪ್ರಸಾರ) ತರಲು ಸಜ್ಜಾಗಿದ್ದಾಗಲೇ, 1997ರಲ್ಲಿ, ಕೇಂದ್ರ ಸರ್ಕಾರ ಅದಕ್ಕೆ ಬೇಕಾದ ಕೆಯು ಬ್ಯಾಂಡ್ ಡಿಶ್‌ಗಳಿಗೆ ತಡೆ ಹಾಕಿತು. ಅನುಮತಿ ಸಿಕ್ಕಿದ್ದು 2000ದ ನವೆಂಬರ್‌ನಲ್ಲಿ. ಮೊದಲು ಒಳಗೆ ಬಂದ ಖಾಸಗಿ ಕಂಪನಿ, 2003ರಲ್ಲಿ, ಮರ್ಡಾಕ್‌ರ ಎದುರಾಳಿ ಜೀ ಬಳಗದ ಡಿಶ್ ಟಿವಿ. ಟಾಟಾ ಜೊತೆ ಸೇರಿ ಮರ್ಡಾಕ್‌ರ ಸ್ಟಾರ್ 'ಟಾಟಾ ಸ್ಕೈ' ಶುರುಮಾಡಿದ್ದು 2006ರಲ್ಲಿ.

● ಡಿಶ್ ಟಿವಿಯ ಮೊದಲ ದಿನಗಳಲ್ಲಿ ಅದರಲ್ಲಿ ಸ್ಟಾರ್ ಚಾನೆಲ್‌ಗಳೇ ಇರಲಿಲ್ಲ. ಪೈಪೋಟಿಗೆ ಬೆಲೆ ತೆತ್ತವರು ನೋಡುಗರು. ಕೇಳಿದ ಎಲ್ಲ ವಿತರಕರಿಗೂ ಭೇದಭಾವವಿಲ್ಲದೆ ಚಾನೆಲ್ ಕೊಡಲೇಬೇಕು ಎಂಬ ನಿಯಮವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2004ರ ಡಿಸೆಂಬರ್‌ನಲ್ಲಿ ತಂದಿತು.

● ಬಾಲಿವುಡ್ಡಿನ ಇಬ್ಬರು ಖಾನ್‌ಗಳೂ ಡಿಶ್ ಮಾರಿದ್ದಾರೆ: ಶಾರುಖ್ ಡಿಶ್ ಟಿವಿಗೆ, ಆಮಿರ್ ಟಾಟಾ ಸ್ಕೈಗೆ!

● ಸನ್ ಡೈರೆಕ್ಟ್, ಬಿಗ್ ಟಿವಿ, ಏರ್‌ಟೆಲ್, ವಿಡಿಯೋಕಾನ್ ಡಿಟುಎಚ್ ಕೂಡ ಸೇರಿ 2009ರ ಹೊತ್ತಿಗೆ ಕಣದಲ್ಲಿ ಆರು ಖಾಸಗಿ ಕಂಪನಿಗಳಿದ್ದವು. ಗಿರಾಕಿ ಹಿಡಿಯಲು ಸೆಟ್ ಟಾಪ್ ಬಾಕ್ಸನ್ನು ನಷ್ಟಕ್ಕೇ ಮಾರುತ್ತಿದ್ದರು. ಗ್ರಾಹಕರಿಗೆ ಇದು ಸುಗ್ಗಿಯ ಕಾಲ.

● ಅಗ್ಗದ ಬಾಕ್ಸಿಗೆ ಒಂದು ಗಂಟಿತ್ತು. ಟಾಟಾದ ಡಿಶ್ ಪೂರ್ವ ರೇಖಾಂಶ 83 ಡಿಗ್ರಿಯ ಉಪಗ್ರಹದತ್ತ ಮುಖ ಮಾಡಿದರೆ, ಡಿಶ್ ಟಿವಿಯದು 95ರತ್ತ, ಏರ್‌ಟೆಲ್‌ನದು 108ರತ್ತ. ಡಿಶ್ಶನ್ನು ತಿರುಗಿಸಬಹುದು, ಬಾಕ್ಸ್ ಮಾತ್ರ ತನ್ನ ಕಂಪನಿಯ ಕಾರ್ಡನ್ನಷ್ಟೇ ಒಪ್ಪುತ್ತದೆ. ಮೊಬೈಲ್ ನಂಬರಿನಂತೆ 'ಪೋರ್ಟ್' ಮಾಡುವ ದಾರಿ ಇಲ್ಲ. ಕಂಪನಿ ಬದಲಿಸಿದರೆ ಹಳೇ ಬಾಕ್ಸ್ ಅಟ್ಟ ಸೇರುತ್ತದೆ. ಯಾವ ಬಾಕ್ಸಾದರೂ ಎಲ್ಲ ಕಂಪನಿಗೂ ಹೊಂದುವಂತಿರಬೇಕು ಎಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತ್ತು.

● ಆಗುಂಬೆಯಲ್ಲಿ ಜಡಿಮಳೆ ಬಂದರೆ ಎಲ್ಲ ಕಂಪನಿಯೂ ಒಂದೇ! ಕೆಯು ಬ್ಯಾಂಡ್ ಅಲೆಗಳನ್ನು ಮಳೆಹನಿ ಹೀರಿ, ಚದುರಿಸಿಬಿಡುತ್ತದೆ. ಮಲೆನಾಡಿನಲ್ಲಿ ಕೇಬಲ್‌ನವರ ದೊಡ್ಡ ಬಲವೇ ಮಳೆಗಾಲ.

● ಬೆಂಗಳೂರು, ಮೈಸೂರು ಸೇರಿ 38 ನಗರಗಳ ಕೇಬಲ್ ಮನೆಗಳಿಗೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಗಲು 2013ರ ಮಾರ್ಚ್ 31 ಗಡುವಾಗಿತ್ತು. ಹೇಗೂ ಬಾಕ್ಸ್ ಕೊಳ್ಳಬೇಕು ಎಂದಾದಾಗ ಕೇಬಲ್ಲೋ ಡಿಶ್ಶೋ ಎಂದು ತೂಗಿ ನೋಡುವ ಅವಕಾಶ ಮನೆಮಂದಿಗೆ ಸಿಕ್ಕಿತು.

● ನಾವು ಚಾನೆಲ್‌ಗೆ ದುಡ್ಡು ಕೊಡುತ್ತೇವೆ, ಸರಿ. ಚಾನೆಲ್ ಕೂಡ ನಮ್ಮನ್ನು ತಲುಪಲು ವಿತರಕರಿಗೆ ದುಡ್ಡು ಕೊಡುವುದುಂಟು. ಅದರ ಹೆಸರು ಕ್ಯಾರೇಜ್ ಶುಲ್ಕ. ನಡುವೆ ಕೂತವರಿಗೆ ಎರಡೂ ಕಡೆಯಿಂದ ಆದಾಯ.

● ನೋಡುವ ಚಾನೆಲ್‌ಗಷ್ಟೇ ದುಡ್ಡು ಎಂಬ ಹೊಸ ಪದ್ಧತಿ ಬಂದದ್ದು 2019ರ ಫೆಬ್ರವರಿ 1ಕ್ಕೆ. ಸಂಪರ್ಕಕ್ಕೆ ಮೂಲಶುಲ್ಕ 130 ರೂಪಾಯಿ, ಜಿಎಸ್‌ಟಿ ಸೇರಿ 153.40. ಅದಕ್ಕೆ 100 ಚಾನೆಲ್. ಒಂದು ಎಚ್‌ಡಿ ಚಾನೆಲ್ಲನ್ನು ಎರಡೆಂದು ಎಣಿಸುತ್ತಿದ್ದರು!

● 19 ರೂಪಾಯಿಗಿಂತ ದುಬಾರಿ ಚಾನೆಲ್ಲನ್ನು ಪ್ಯಾಕಿಗೆ ಸೇರಿಸುವಂತಿಲ್ಲ ಎಂದಿತು ಅದೇ ನಿಯಮ. ಬೆಲೆ ಇಳಿಯಲಿ ಎಂದು ಹಾಕಿದ ಗೆರೆ ಅದು. ಆದದ್ದೇನು? ಹೆಸರಾಂತ ಚಾನೆಲ್‌ಗಳು ಒಂದರ ಹಿಂದೆ ಒಂದು ಬಂದು ಸರಿಯಾಗಿ 19ಕ್ಕೇ ನಿಂತವು. ಬಿಡಿಯಾಗಿ ಕೊಂಡರೆ ದುಬಾರಿ, ಪ್ಯಾಕ್ ಕೊಂಡರೆ ಅಗ್ಗ. ಹಾಗಾಗಿ ಬೇಡದ ಚಾನೆಲ್‌ಗಳೂ ಮತ್ತೆ ಮನೆಗೆ ಬಂದವು.

● 2023ರ ಫೆಬ್ರವರಿಯಲ್ಲಿ ಸ್ಟಾರ್, ಜೀ, ಸೋನಿ ಚಾನೆಲ್‌ಗಳು ದೇಶದ ಅನೇಕ ಕೇಬಲ್ ಮನೆಗಳಿಂದ ಏಕಾಏಕಿ ಮಾಯವಾದವು. ಹೊಸ ದರದ ಕರಾರಿಗೆ ಸಹಿ ಹಾಕದ ಕೇಬಲ್ ಸಂಸ್ಥೆಗಳಿಗೆ ಸಿಗ್ನಲ್ ನಿಲ್ಲಿಸಲಾಗಿತ್ತು. ಸುಮಾರು 4.5 ಕೋಟಿ ಮನೆಗಳಿಗೆ ತೊಂದರೆಯಾಯಿತೆಂದು ಕೇಬಲ್ ಸಂಸ್ಥೆಗಳ ಒಕ್ಕೂಟ ಹೇಳಿತು. ರೀಚಾರ್ಜ್ ಮಾಡಿದ್ದವರ ಧಾರಾವಾಹಿಯೂ ನಿಂತಿತು!

● ಜಗಳ ಮುಗಿದರೂ ಗ್ರಾಹಕರಿಗೆ ಕಷ್ಟ ತಪ್ಪದು. ಬ್ರಿಟನ್ನಿನಲ್ಲಿ ಮರ್ಡಾಕ್‌ರ ಸ್ಕೈ 1989ರಲ್ಲಿ, ಎದುರಾಳಿ ಬಿಎಸ್‌ಬಿ 1990ರಲ್ಲಿ ಪ್ರಸಾರ ಆರಂಭಿಸಿದವು. ಇಬ್ಬರೂ ನಷ್ಟದಲ್ಲಿ ಮುಳುಗಿ ಅದೇ ವರ್ಷದ ನವೆಂಬರ್‌ನಲ್ಲಿ ಒಂದಾದರು. ಬಿಎಸ್‌ಬಿಯ ಚೌಕಾಕಾರದ 'ಸ್ಕ್ವೇರಿಯಲ್' ಆಂಟೆನಾ ಕೊಂಡಿದ್ದವರ ಗೋಡೆಯಲ್ಲಿ ಉಳಿದದ್ದು ಕೆಲಸಕ್ಕೆ ಬಾರದ ತಟ್ಟೆ.

● ನಮ್ಮಲ್ಲೂ ಡಿಶ್ ಟಿವಿ ಮತ್ತು ವಿಡಿಯೋಕಾನ್ ಡಿಟುಎಚ್ 2018ರಲ್ಲಿ ಒಂದಾದವು. ಬಿಗ್ ಟಿವಿ ಇಲ್ಲವಾಯಿತು. ಆರು ಹೋಗಿ ನಾಲ್ಕು ಉಳಿದವು. ಟಾಟಾ ಪ್ಲೇ (ಹಿಂದಿನ ಟಾಟಾ ಸ್ಕೈ) ಮತ್ತು ಏರ್‌ಟೆಲ್ ಒಂದಾಗುವ ಮಾತುಕತೆ 2025ರ ಮೇ ತಿಂಗಳಲ್ಲಿ ಮುರಿದುಬಿತ್ತು. ಇಲ್ಲದಿದ್ದರೆ ಲೆಕ್ಕ ಮೂರಕ್ಕೆ ಇಳಿಯುತ್ತಿತ್ತು.

● ತಿಂಗಳ ಬಾಡಿಗೆಯೇ ಇಲ್ಲದ ಎದುರಾಳಿ ಸರ್ಕಾರದ್ದು: 2004ರ ಡಿಸೆಂಬರ್‌ನಲ್ಲಿ ಶುರುವಾದ ದೂರದರ್ಶನದ ಡಿಟಿಎಚ್, ಈಗಿನ ಡಿಡಿ ಫ್ರೀ ಡಿಶ್. ಒಮ್ಮೆ ಡಿಶ್, ಬಾಕ್ಸ್ ಕೊಂಡರೆ ಸಾಕು. ಅದರಲ್ಲಿ ಜಾಗ ಪಡೆಯಲು ಖಾಸಗಿ ಚಾನೆಲ್‌ಗಳೇ ಹರಾಜಿನಲ್ಲಿ ಕೋಟಿಗಟ್ಟಲೆ ಕೂಗುತ್ತವೆ.

● ಹಣ ಕೊಟ್ಟು ಡಿಟಿಎಚ್ ನೋಡುವ ಸಂಪರ್ಕಗಳು 2020ರಲ್ಲಿ 7 ಕೋಟಿಯಷ್ಟಿದ್ದವು. 2025ರ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿದವು. ಈಗ ಎದುರಾಳಿ ಓಟಿಟಿ. ಈ ನಡುವೆ, 2024ರ ಜುಲೈನಲ್ಲಿ, ಸಂಪರ್ಕ ಶುಲ್ಕದ ಮಿತಿಯನ್ನು ಟ್ರಾಯ್ ತೆಗೆದುಹಾಕಿತು. ಅದನ್ನು ಕಂಪನಿಯೇ ನಿಗದಿ ಮಾಡಬಹುದು.

● ಕೊನೆಯದು, ರಿಮೋಟ್ ಕೈಯಲ್ಲಿದ್ದಾಗಲೇ ಓದಿ: ಗ್ರಾಹಕ ಮಾಹಿತಿಗೆಂದು 999ನೇ ಚಾನೆಲ್ ಇರಬೇಕೆಂದು 2017ರ ಟ್ರಾಯ್ ನಿಯಮ ಹೇಳುತ್ತದೆ. ಯಾವುದೇ ಪೇ ಚಾನೆಲ್ಲನ್ನು ಬಿಡಿಯಾಗಿ ಕೊಳ್ಳುವ ಹಕ್ಕೂ ನಿಮಗಿದೆ. ಮುಂದಿನ ರೀಚಾರ್ಜಿಗೆ ಮೊದಲು ಪ್ಯಾಕಿನ ಪಟ್ಟಿ ತೆಗೆದು, ಕಳೆದ ತಿಂಗಳು ಒಮ್ಮೆಯೂ ನೋಡದ ಪೇ ಚಾನೆಲ್‌ಗಳು ಎಷ್ಟೆಂದು ಎಣಿಸಿ, ಬಿಡಿ ದರಕ್ಕೂ ಪ್ಯಾಕಿನ ದರಕ್ಕೂ ತಾಳೆ ನೋಡಿ.