ಜೇಬಿನಲ್ಲೊಂದು ದುರಸ್ತಿ ಪೆಟ್ಟಿಗೆ

ಹುಬ್ಬಳ್ಳಿ ಹೊರವಲಯದ ತಾರಿಹಾಳ ಕೈಗಾರಿಕಾ ಪ್ರದೇಶದ ಯಾವುದೇ ಸಣ್ಣ ಕಾರ್ಖಾನೆಗೆ ಹೋಗಿ ನೋಡಿ. ಲೇತ್, ಸಿಎನ್‌ಸಿ ಯಂತ್ರಗಳಷ್ಟೇ ಮುಖ್ಯವಾದ ಇನ್ನೊಂದು ಯಂತ್ರ ಅಲ್ಲಿರುತ್ತದೆ: ಆಫೀಸಿನ ಕಂಪ್ಯೂಟರ್. ಟ್ಯಾಲಿ ಲೆಕ್ಕ, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಬಿಡಿಭಾಗಗಳ ಡ್ರಾಯಿಂಗ್, ಪಗಾರದ ಪಟ್ಟಿ ಎಲ್ಲವೂ ಅದರೊಳಗೇ. ಒಂದು ಬೆಳಿಗ್ಗೆ ಅದು ನೀಲಿ ಪರದೆ ತೋರಿಸಿ ನಿಂತರೆ, ಮಾಲು ತುಂಬಿದ ಲಾರಿಯೂ ಗೇಟಿನಲ್ಲೇ ನಿಲ್ಲುತ್ತದೆ. ಆಗ ಮೊದಲು ಸಿಗುವ ಸಲಹೆ ಒಂದೇ: ‘ಫಾರ್ಮ್ಯಾಟ್ ಮಾಡಿಬಿಡ್ರೀ ಸರ್.’

ಇದು ಕೊನೆಗೆ ಮಾಡಬೇಕಾದ ಕೆಲಸ. ವಿಂಡೋಸ್ ಏಳುತ್ತಿಲ್ಲ ಎಂದ ಮಾತ್ರಕ್ಕೆ ಕಂಪ್ಯೂಟರ್ ಸತ್ತಿಲ್ಲ. ಒಳಗಿನ ಕಡತಗಳು ಬಹುತೇಕ ಸುರಕ್ಷಿತವಾಗಿಯೇ ಇರುತ್ತವೆ. ಅವುಗಳನ್ನು ತಲುಪಲು ಬೇರೆ ಬಾಗಿಲು ಬೇಕು. ಮೊದಲೇ ಸಿದ್ಧಪಡಿಸಿಟ್ಟ ಪೆನ್‌ಡ್ರೈವ್ ಆ ಬಾಗಿಲನ್ನು ತೆರೆಯಬಲ್ಲದು.

ಸ್ವಿಚ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಚಿಪ್ ಒಂದರಲ್ಲಿರುವ ಪುಟ್ಟ ತಂತ್ರಾಂಶ. ಹಳೆಯದಾದರೆ ಅದನ್ನು ಬಯಾಸ್ ಎನ್ನುತ್ತಾರೆ, ಹೊಸದಾದರೆ ಯುಇಎಫ್‌ಐ. ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲ ಸರಿಯಾಗಿವೆಯೇ ಎಂದು ನೋಡಿಕೊಂಡು, ಕಾರ್ಯಾಚರಣ ವ್ಯವಸ್ಥೆ ಎಲ್ಲಿದೆ ಎಂದು ಅದು ಹುಡುಕುತ್ತದೆ. ಆ ಕ್ಷಣದಲ್ಲಿ ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಕೀಲಿ ಒತ್ತಿದರೆ ‘ಯಾವುದರಿಂದ ಶುರು ಮಾಡಲಿ?’ ಎಂಬ ಪಟ್ಟಿ ಬರುತ್ತದೆ. ಅಲ್ಲಿ ಪೆನ್‌ಡ್ರೈವ್ ಆರಿಸಿದರೆ, ಅದರಲ್ಲಿರುವ ವ್ಯವಸ್ಥೆ ನೇರವಾಗಿ ರ‍್ಯಾಮ್‌ಗೆ ಬಂದು ಕೂರುತ್ತದೆ. ಕೆಟ್ಟ ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ ಅದರೊಳಗೆ ಇಣುಕಬಹುದು. ಇದನ್ನು ‘ಲೈವ್’ ವ್ಯವಸ್ಥೆ ಎನ್ನುತ್ತಾರೆ. ಜರ್ಮನಿಯ ಕ್ಲೌಸ್ ಕ್ನೊಪ್ಪರ್ 2000ದಲ್ಲಿ ಹೊರತಂದ ಕ್ನೊಪ್ಪಿಕ್ಸ್ ಈ ವಿಧಾನವನ್ನು ಸಿಡಿಯ ಮೂಲಕ ಜನಪ್ರಿಯಗೊಳಿಸಿತು.

ಅದೇ ವರ್ಷ ಪೆನ್‌ಡ್ರೈವ್ ಕೂಡ ಮಾರುಕಟ್ಟೆಗೆ ಬಂತು. ಐಬಿಎಂ ಮಾರಿದ ಮೊದಲ ಮಾದರಿಯ ಸಾಮರ್ಥ್ಯ 8 ಎಂಬಿ. ಒಳಗಿನ ಫ್ಲ್ಯಾಶ್ ಮೆಮೊರಿ ತೋಶಿಬಾದ ಫುಜಿಯೊ ಮಸುವೊಕ ಅವರು 1980ರ ದಶಕದಲ್ಲಿ ರೂಪಿಸಿದ್ದು. ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿಯನ್ನು ರೂಪಿಸಿದ ಇಂಟೆಲ್ ತಂಡದ ಪ್ರಮುಖರು ಬರೋಡಾದಲ್ಲಿ ಓದಿದ ಅಜಯ್ ಭಟ್. ಯುಎಸ್‌ಬಿಯ ಮೊದಲ ಆವೃತ್ತಿ 1996ರದು.

ಈಗ ಪೆಟ್ಟಿಗೆ ಕಟ್ಟೋಣ. 64 ಜಿಬಿಯ ಒಳ್ಳೆಯ ಪೆನ್‌ಡ್ರೈವ್ ಸಾಕು. ಬಾಕ್ಸಿನ ಮೇಲೆ ಬರೆದಷ್ಟು ಜಾಗ ನಿಜವಾಗಿ ಇದೆಯೇ ಎಂದು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಮೊದಲು ಪರೀಕ್ಷಿಸಿ. ನಕಲಿ ಡ್ರೈವ್‌ಗಳು ಕಡಿಮೆ ಜಾಗವನ್ನೇ ಹೆಚ್ಚೆಂದು ತೋರಿಸುತ್ತವೆ. ಜಾಗ ತುಂಬಿದ ಮೇಲೆ ಬರೆದ ಮಾಹಿತಿ ಹಾಳಾಗುತ್ತದೆ.

ನಂತರ ವೆಂಟಾಯ್ ಎಂಬ ಮುಕ್ತ ತಂತ್ರಾಂಶವನ್ನು ಡ್ರೈವ್‌ಗೆ ಹಾಕಿ. ಈ ಹಂತದಲ್ಲಿ ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಮುಂದೆ ಐಎಸ್‌ಒ ಕಡತಗಳನ್ನು (ಇಡೀ ಡಿಸ್ಕನ್ನು ಒಂದೇ ಕಡತವಾಗಿಸಿದ ಪ್ರತಿಗಳನ್ನು) ಹಾಡು ಕಾಪಿ ಮಾಡಿದಷ್ಟೇ ಸಲೀಸಾಗಿ ಹಾಕುತ್ತಾ ಹೋಗಬಹುದು. ಕಂಪ್ಯೂಟರ್ ಶುರುವಾಗುವಾಗ ಅವೆಲ್ಲ ಪಟ್ಟಿಯಾಗಿ ಕಾಣುತ್ತವೆ. ನಾಲ್ಕು ಕಡತಗಳು ಅಗತ್ಯ: ದತ್ತಾಂಶ ಉಳಿಸಲು ಸಿಸ್ಟಂರೆಸ್ಕ್ಯೂ, ಡಿಸ್ಕಿನ ಪೂರ್ತಿ ಪ್ರತಿ ತೆಗೆಯಲು ಕ್ಲೋನ್‌ಜಿಲ್ಲಾ, ರ‍್ಯಾಮ್ ಪರೀಕ್ಷಿಸಲು ಮೆಮ್‌ಟೆಸ್ಟ್86+, ಜೊತೆಗೆ ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡ ವಿಂಡೋಸ್. ಕಡತ ಇಳಿಸಿದ ಮೇಲೆ ಅದರ ಎಸ್‌ಎಚ್‌ಎ-256 ಸಂಖ್ಯೆಯನ್ನು ಮೂಲತಾಣದಲ್ಲಿ ಕೊಟ್ಟ ಸಂಖ್ಯೆಯೊಂದಿಗೆ ಹೋಲಿಸಿ. ಕಡತದಲ್ಲಿ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ.

ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ತಂತ್ರಾಂಶಗಳಿಗೆ ಇನ್ನೊಂದು ಫೋಲ್ಡರ್ ಇರಲಿ: ಲಿಬ್ರೆಆಫೀಸ್, ಫೈರ್‌ಫಾಕ್ಸ್, 7-ಜಿಪ್, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಅಳಿಸಿದ ಕಡತ ಹುಡುಕುವ ಫೋಟೊರೆಕ್. ನೆಟ್‌ವರ್ಕ್ ಡ್ರೈವರ್‌ಗಳನ್ನು ಮರೆಯಬೇಡಿ. ಹೊಸದಾಗಿ ವಿಂಡೋಸ್ ಹಾಕಿದ ಯಂತ್ರಕ್ಕೆ ಇಂಟರ್ನೆಟ್ಟೇ ಸಿಗದಿದ್ದರೆ ಉಳಿದ ಡ್ರೈವರ್ ಇಳಿಸುವುದಾದರೂ ಹೇಗೆ?

ಕರ್ನಾಟಕದಲ್ಲಿ ಕೆಲಸ ಮಾಡುವವರ ಪೆಟ್ಟಿಗೆಯಲ್ಲಿ ಕನ್ನಡಕ್ಕೂ ಜಾಗ ಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ (1998) ಬಳಸಿ ಟೈಪ್ ಮಾಡಿದ ಹಳೆಯ ಪತ್ರಗಳು ಸಂಸ್ಥೆಗಳಲ್ಲಿ ರಾಶಿ ರಾಶಿ ಇವೆ. ಯುನಿಕೋಡ್‌ಗೆ ಮುಂಚಿನ ಈ ಕಡತಗಳಲ್ಲಿ ವಾಸ್ತವವಾಗಿ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಫಾಂಟ್ ಹಾಕಿದೊಡನೆ ಪತ್ರ ಮತ್ತೆ ಕನ್ನಡವಾಗುತ್ತದೆ. ಆದ್ದರಿಂದ ವಿಂಡೋಸ್ ಮತ್ತೆ ಹಾಕುವ ಮುನ್ನ ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರನ್ನು ಕಾಪಿ ಮಾಡಿಕೊಳ್ಳಿ.

ಉಪಕರಣಗಳಷ್ಟೇ ಮುಖ್ಯ ಅವುಗಳನ್ನು ಬಳಸುವ ಕ್ರಮ. ಮೊದಲು ದತ್ತಾಂಶ, ಆಮೇಲೆ ದುರಸ್ತಿ. ಲೈವ್ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಎಬ್ಬಿಸಿ, ಟ್ಯಾಲಿ ಫೋಲ್ಡರ್, ಡ್ರಾಯಿಂಗ್, ಪತ್ರಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದಿಡಿ. ಬಳಿಕ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ‘ಸ್ಮಾರ್ಟ್’ ವರದಿ ನೋಡಿ. ಅದರಲ್ಲಿ 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳು ಕೆಟ್ಟ ಸೆಕ್ಟರ್‌ಗಳ ಲೆಕ್ಕ ಹೇಳುತ್ತವೆ. ಈ ಲೆಕ್ಕ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದರ್ಥ. ಅದರ ಮೇಲೆ ವಿಂಡೋಸ್ ಮತ್ತೆ ಹಾಕುವುದು ವ್ಯರ್ಥ. ಓದಲು ತಡವರಿಸುವ ಡಿಸ್ಕಾದರೆ ಸಿಸ್ಟಂರೆಸ್ಕ್ಯೂನಲ್ಲಿರುವ ಡಿಡಿರೆಸ್ಕ್ಯೂ ಬಳಸಿ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ಉಳಿಸಿ, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಬಿಟ್‌ಲಾಕರ್ ಬೀಗವಿರುವ ಯಂತ್ರವಾದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಯಾವ ಪೆನ್‌ಡ್ರೈವೂ ಒಳಗೆ ಹೋಗಲಾರದು. ಆ ಕೀಯನ್ನು ಇಂದೇ ಬರೆದಿಡಿ.

ಪೆನ್‌ಡ್ರೈವ್ ರೋಗವನ್ನೂ ಹೊತ್ತು ತಿರುಗಬಲ್ಲದು. ಜೆರಾಕ್ಸ್ ಅಂಗಡಿಯಲ್ಲಿ ಹಾಕಿ ತಂದ ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್‌ಗಳಾಗಿರುವುದನ್ನು ನೀವೂ ಕಂಡಿರಬಹುದು. ಅಸಲಿ ಫೋಲ್ಡರ್ ಎಲ್ಲೂ ಹೋಗಿರುವುದಿಲ್ಲ. ವೈರಸ್ ಅದಕ್ಕೆ ‘ಹಿಡನ್’, ‘ಸಿಸ್ಟಂ’ ಗುರುತು ಹಚ್ಚಿ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಅದನ್ನು ಒತ್ತಿದರೆ ಮೊದಲು ವೈರಸ್ ಓಡಿ, ನಂತರ ಫೋಲ್ಡರ್ ತೆರೆಯುತ್ತದೆ. ಹಾಗಾಗಿ ಅನುಮಾನವೇ ಬರುವುದಿಲ್ಲ. ಆಂಟಿವೈರಸ್‌ನಿಂದ ಶುಚಿ ಮಾಡಿದ ಮೇಲೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಅಟ್ರಿಬ್’ ಆದೇಶ ಕೊಟ್ಟು ಆ ಗುರುತುಗಳನ್ನು ತೆಗೆದರೆ ಫೋಲ್ಡರ್‌ಗಳು ಹಾಗೆಯೇ ಮರಳಿ ಕಾಣುತ್ತವೆ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇಂಥ ಶುಚಿ ಸಾಧನಗಳನ್ನು ಉಚಿತವಾಗಿ ಕೊಡುತ್ತಿದೆ; ಪೆನ್‌ಡ್ರೈವ್ ಬಳಕೆಯನ್ನು ನಿಯಂತ್ರಿಸುವ ‘ಯುಎಸ್‌ಬಿ ಪ್ರತಿರೋಧ್’ ಕೂಡ ಅಲ್ಲಿದೆ.

ಕಾರ್ಖಾನೆಗಳಲ್ಲಿ ಈ ಅಪಾಯ ಇನ್ನೂ ದೊಡ್ಡದು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ, ಇರಾನಿನ ನತಾಂಜ್ ಅಣುಸ್ಥಾವರದ ಯಂತ್ರಗಳನ್ನು ಕೆಡಿಸಲೆಂದೇ ಹೆಣೆದದ್ದು. ಇಂಟರ್ನೆಟ್ ಇಲ್ಲದ ಕಡೆಗೂ ಅದು ಪೆನ್‌ಡ್ರೈವ್ ಮೂಲಕ ದಾಟುತ್ತಿತ್ತು. ಸಿಮ್ಯಾಂಟೆಕ್ ಸಂಸ್ಥೆಯ ಲೆಕ್ಕದಂತೆ, ಅದು ಅತಿ ಹೆಚ್ಚು ಹರಡಿದ ದೇಶಗಳಲ್ಲಿ ಇರಾನ್, ಇಂಡೊನೇಷ್ಯಾಗಳ ನಂತರ ಭಾರತವೇ ಇತ್ತು. ವಿಂಡೋಸ್ ಎಕ್ಸ್‌ಪಿಯಲ್ಲೇ ಓಡುವ ಹಳೆಯ ಸಿಎನ್‌ಸಿ ಯಂತ್ರಗಳಿಗೆ 2014ರ ಏಪ್ರಿಲ್ 8ರ ನಂತರ ನಿಯಮಿತ ಭದ್ರತಾ ಪರಿಷ್ಕರಣೆ ಬರುತ್ತಿಲ್ಲ. ಅಂಥ ಯಂತ್ರಕ್ಕೆಂದೇ ಪ್ರತ್ಯೇಕ ಡ್ರೈವ್ ಇಟ್ಟು, ಅದನ್ನು ಬೇರೆಲ್ಲೂ ಹಾಕದಿರುವುದೇ ಲೇಸು. ದುರಸ್ತಿ ಡ್ರೈವ್‌ಗಂತೂ ‘ಬರೆಯದಂತೆ ತಡೆಯುವ’ ಸ್ವಿಚ್ ಇರುವ ಮಾದರಿಯೇ ಉತ್ತಮ. ಸ್ವಿಚ್ ಹಾಕಿದರೆ ಸೋಂಕಿತ ಯಂತ್ರ ಅದರ ಮೇಲೆ ಏನನ್ನೂ ಬರೆಯಲಾರದು.

ಪ್ರಯಾಣದಲ್ಲೂ ಈ ಡ್ರೈವ್ ಉಪಯುಕ್ತ, ಆದರೆ ಅದರ ಮಿತಿ ತಿಳಿದಿರಬೇಕು. ಸೈಬರ್ ಸೆಂಟರಿನ ಕಂಪ್ಯೂಟರ್‌ನಲ್ಲಿ ಪೋರ್ಟಬಲ್ ಫೈರ್‌ಫಾಕ್ಸ್ ತೆರೆದರೂ, ನೀವು ಒತ್ತಿದ ಕೀಲಿಗಳನ್ನು ಕದಿಯುವ ತಂತ್ರಾಂಶ ಅಲ್ಲಿದ್ದರೆ ಪಾಸ್‌ವರ್ಡ್ ಹೋದಂತೆಯೇ. ಬ್ಯಾಂಕ್ ಕೆಲಸ ಅಲ್ಲಿ ಬೇಡ. ಆಧಾರ್, ಅಂಕಪಟ್ಟಿಯಂಥ ದಾಖಲೆಗಳನ್ನು ವೆರಾಕ್ರಿಪ್ಟ್‌ನಲ್ಲಿ ಗೂಢಲಿಪಿಯಾಗಿಸಿ ಇಡಿ. ಡ್ರೈವ್ ಬಸ್ಸಿನಲ್ಲಿ ಕಳೆದರೂ ಬೇರೆಯವರು ಓದಲಾರರು.

ಇರುವ ಒಂದೇ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಡಲೇಬೇಡಿ. ಫ್ಲ್ಯಾಶ್ ಮೆಮೊರಿಯಲ್ಲಿ ಮಾಹಿತಿ ಉಳಿಯುವುದು ನಿರೋಧಕ ಪದರದ ನಡುವೆ ಸೆರೆಯಾದ ಎಲೆಕ್ಟ್ರಾನುಗಳ ರೂಪದಲ್ಲಿ. ಪ್ರತಿ ಸಲ ಬರೆದು ಅಳಿಸಿದಾಗಲೂ ಆ ಪದರ ಸವೆಯುತ್ತದೆ. ಬಳಸದೆ ವರ್ಷಗಟ್ಟಲೆ ಬಿಟ್ಟರೂ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ, ಬಿಸಿಯಲ್ಲಿ ಇನ್ನೂ ಬೇಗ.

ಇದಕ್ಕೆಲ್ಲ ಬೇಕಾಗುವುದು ಒಂದು ರಜಾದಿನ ಮತ್ತು ಒಂದು ಪೆನ್‌ಡ್ರೈವ್‌ನ ಖರ್ಚು. ತಂತ್ರಾಂಶಗಳ ಪೈಕಿ ವಿಂಡೋಸ್ ಪರವಾನಗಿಯೊಂದನ್ನು ಬಿಟ್ಟರೆ ಉಳಿದವೆಲ್ಲ ಉಚಿತ. ಆದರೆ ಕಂಪ್ಯೂಟರ್ ಕೆಟ್ಟ ಮೇಲೆ ಅದರಲ್ಲೇ ಈ ಡ್ರೈವ್ ತಯಾರಿಸಲಾಗದು. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಮಾಡಿ, ಒಮ್ಮೆ ಅದರಿಂದ ಕಂಪ್ಯೂಟರ್ ಎಬ್ಬಿಸಿ ನೋಡಿ, ಆಮೇಲೆ ಜೇಬಿಗಿಳಿಸಿ. ಮುಂದೆ ಯಾರಾದರೂ ‘ಫಾರ್ಮ್ಯಾಟ್ ಮಾಡೋಣ’ ಎಂದರೆ, ದತ್ತಾಂಶ ತೆಗೆದಿಟ್ಟಾಯಿತೇ ಎಂದು ಮೊದಲು ಕೇಳಿ.