ಆಸ್ತಿ ಪತ್ರವೂ ಆರೋಗ್ಯದ ಮಾತೇ

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ನೂರು ವರ್ಷ ತುಂಬಿದ ಮೇಲೆ 1962ರಲ್ಲಿ ತೀರಿಕೊಂಡರು. ಅಷ್ಟು ಆಯಸ್ಸು ಎಲ್ಲರಿಗೂ ಸಿಗದು. ಆದರೆ ಅರವತ್ತರ ನಂತರ ಇಪ್ಪತ್ತು, ಇಪ್ಪತ್ತೈದು ವರ್ಷ ಬಾಳುವವರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ಆ ವರ್ಷಗಳ ಔಷಧಿ, ಕನ್ನಡಕ, ಆಸ್ಪತ್ರೆಯ ಖರ್ಚಿಗೆ ಹಣ ಬೇಕು. ಆ ಹಣ ಯಾರ ಕೈಯಲ್ಲಿರಬೇಕು? ಆರೋಗ್ಯದ ಪುಟದಲ್ಲಿ ಆಸ್ತಿಯ ಮಾತೇಕೆ ಎಂದು ಕೇಳುವವರಿಗೆ ಇದೇ ಉತ್ತರ.

2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಂದಿ ಬೆಟ್ಟದ ಸುತ್ತಲಿನ ಜಮೀನಿಗೆ ಹಿಂದೆ ಕಾಣದ ಬೆಲೆ ಬಂದಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆದು ಕಟ್ಟಿದ ಮನೆ, ಹಿಪ್ಪುನೇರಳೆ ಬೆಳೆದ ಒಂದೆರಡು ಎಕರೆ ಈಗ ಮಕ್ಕಳ ಕಣ್ಣಿಗೂ ದೊಡ್ಡ ಆಸ್ತಿ. "ಅಬ್ಬಾ, ನೀವಿರುವಾಗಲೇ ನಮ್ಮ ಹೆಸರಿಗೆ ಮಾಡಿಬಿಡಿ" ಎಂಬ ಮಾತು ಮನೆಮನೆಯಲ್ಲಿ ಕೇಳುತ್ತದೆ. ಕೇಳುವ ಮಕ್ಕಳೆಲ್ಲ ಕೆಟ್ಟವರಲ್ಲ. ಆದರೂ ಸಹಿ ಹಾಕುವ ಮುನ್ನ ಸ್ವಲ್ಪ ನಿಲ್ಲಿ.

2025ರ ಮಾರ್ಚ್‌ನಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರು ಒಂದು ಸಂಗತಿ ಹೇಳಿದರು. ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯೊಂದರಲ್ಲೇ ಮಕ್ಕಳು ಬಿಟ್ಟುಹೋದ ಹಿರಿಯರು 150ಕ್ಕೂ ಹೆಚ್ಚು. ಚಿಕಿತ್ಸೆಗೆಂದು ಸೇರಿಸಿದವರು ಮತ್ತೆ ಕರೆದೊಯ್ಯಲು ಬರಲೇ ಇಲ್ಲ.

ಚಿಂತೆಯೂ ಒಂದು ಕಾಯಿಲೆ

ಯುನಾನಿ ವೈದ್ಯದಲ್ಲಿ ಆರೋಗ್ಯ ಕಾಯುವ ಆರು ಅಗತ್ಯ ಕಾರಣಗಳಿವೆ. ಅವನ್ನು ಅಸ್ಬಾಬೆ ಸಿತ್ತ ಝರೂರಿಯ ಎನ್ನುತ್ತೇವೆ. ಗಾಳಿ, ಆಹಾರ, ನಿದ್ದೆಯ ಜೊತೆಗೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಅದರಲ್ಲಿ ಸೇರಿದೆ. ಮುಪ್ಪಿನ ಮಿಜಾಜ್ ತಂಪು ಮತ್ತು ಒಣ ಸ್ವಭಾವದ್ದು. ದುಃಖ, ಭಯ ಮತ್ತು ನಿದ್ದೆಗೇಡು ಅದನ್ನು ಇನ್ನಷ್ಟು ಒಣಗಿಸುತ್ತವೆ. ಕೈಯಲ್ಲಿ ಕಾಸಿಲ್ಲದ ಹಿರಿಯರು ಮೊದಲು ನಿಲ್ಲಿಸುವುದು ಔಷಧಿಯನ್ನು. ಬಿ.ಪಿ. ಮಾತ್ರೆ ಮುಗಿದರೆ ಸೊಸೆಯನ್ನು ಕೇಳಲು ಸಂಕೋಚ. ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಾರೆ. ಲಕ್ವಕ್ಕೆ ದಾರಿ ಹೀಗೂ ತೆರೆಯುತ್ತದೆ.

ಹಂಚುವ ಅವಸರ ಏಕೆ?

ಷರೀಅತ್ತಿನಲ್ಲಿ ವಾರೀಸುದಾರರ ಪಾಲು ಮೊದಲೇ ಗೊತ್ತಾಗಿದೆ. ಮಕ್ಕಳಿದ್ದರೆ ಪತ್ನಿಗೆ ಎಂಟನೇ ಒಂದು. ಮಗಳಿಗೆ ಮಗನ ಪಾಲಿನ ಅರ್ಧ. ಕಫನ್-ದಫನ್ ಖರ್ಚು, ಸಾಲ, ವಸಿಯ್ಯತ್ ತೀರಿಸಿದ ಮೇಲೆ ಉಳಿದದ್ದು ಹೀಗೆ ಹಂಚಿಕೆಯಾಗಬೇಕು. ಕೊಡದೆ ಉಳಿದ ಮಹ್ರ್ ಕೂಡ ಸಾಲವೇ. ಆದ್ದರಿಂದ ಬದುಕಿರುವಾಗಲೇ ಎಲ್ಲವನ್ನೂ ಕೊಟ್ಟು ಕೈ ಬರಿದು ಮಾಡಿಕೊಳ್ಳಬೇಕೆಂಬ ನಿಯಮವಿಲ್ಲ. ಬಾಡಿಗೆ, ಬೆಳೆಯ ಹಣದಲ್ಲಿ ಮಕ್ಕಳಿಗೆ ನೆರವಾಗಿ. ಮನೆಯ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ.

ಕೊಡುವುದೇ ಆದರೆ ಹಿಬಾಕ್ಕೆ ಮೂರು ಅಂಗಗಳು: ಕೊಟ್ಟೆನೆಂಬ ಘೋಷಣೆ, ಪಡೆದೆನೆಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು. ಮಕ್ಕಳಿಗೆ ಕೊಟ್ಟು ಸ್ವಾಧೀನವನ್ನೂ ಒಪ್ಪಿಸಿದರೆ ಹಿಂಪಡೆಯುವುದು ಬಲು ಕಷ್ಟ.

ವಸಿಯ್ಯತ್ ಆಸ್ತಿಯ ಮೂರನೇ ಒಂದು ಭಾಗ ಮೀರಬಾರದು. ವಾರೀಸುದಾರರಲ್ಲಿ ಒಬ್ಬರಿಗೆ ಬರೆದರೆ ಉಳಿದವರ ಒಪ್ಪಿಗೆ ಬೇಕು. ಸಾಕಿದ ಅನಾಥ ಮಗು, ಸೇವೆ ಮಾಡಿದ ವಿಧವೆ ಸೊಸೆ ವಾರೀಸಿನಲ್ಲಿ ಬರುವುದಿಲ್ಲ. ಅಂಥವರಿಗಾಗಿ ಈ ಮೂರನೇ ಒಂದು ಭಾಗವನ್ನು ಬಳಸಿ.

ಹಾಸಿಗೆ ಹಿಡಿದ ಮೇಲಿನ ಹೆಬ್ಬೆಟ್ಟು

ವೈದ್ಯರಿಗೂ ಕಾನೂನಿಗೂ ಸಮಾನವಾದ ಒಂದು ಪದವಿದೆ: ಮರ್ಝುಲ್ ಮೌತ್, ಅಂದರೆ ಸಾವಿನ ಭಯ ಆವರಿಸಿ, ಸಾವಿನಲ್ಲೇ ಮುಗಿಯುವ ಕೊನೆಯ ಕಾಯಿಲೆ. ಆ ಸ್ಥಿತಿಯಲ್ಲಿ ಮಾಡಿದ ದಾನವನ್ನು ವಸಿಯ್ಯತ್‌ನಂತೆಯೇ ನೋಡಲಾಗುತ್ತದೆ. ಮೂರನೇ ಒಂದು ಭಾಗದ ಮಿತಿ, ಉಳಿದವರ ಒಪ್ಪಿಗೆ ಎರಡೂ ಅನ್ವಯಿಸುತ್ತವೆ. ವರ್ಷಗಟ್ಟಲೆ ಇರುವ ಸಕ್ಕರೆ ಕಾಯಿಲೆ ಇದಕ್ಕೆ ಸೇರದು. ಐಸಿಯುನಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟು ಮುಂದೆ ಅಣ್ಣತಮ್ಮಂದಿರನ್ನು ಕೋರ್ಟಿಗೆ ಎಳೆಯುತ್ತದೆ. ಮರೆವು ಶುರುವಾಗಿದ್ದರೂ ಇದೇ ತೊಂದರೆ. ನಡೆದಾಡುವಾಗ, ನೆನಪು ಚುರುಕಾಗಿರುವಾಗಲೇ ಪತ್ರ ಬರೆಸಿ.

ಕಾನೂನಿನ ಕಾವಲು

2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ. ನೋಟಿಸ್ ತಲುಪಿದ 90 ದಿನಗಳಲ್ಲಿ ಇತ್ಯರ್ಥವಾಗಬೇಕು. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿಗೆ ವಾರೀಸಾಗುವ ಬಂಧುವಿನಿಂದ ಕೇಳಬಹುದು.

ಈ ಕಾಯ್ದೆಯ 23ನೇ ಕಲಂ ಮುಖ್ಯ. ನೋಡಿಕೊಳ್ಳಬೇಕೆಂಬ ಶರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಶರತ್ತು ಮುರಿದರೆ, ರದ್ದು ಮಾಡಿಸಬಹುದು. ಶರತ್ತೇ ಇಲ್ಲದಿದ್ದರೆ ಈ ಕಲಂ ನೆರವಾಗದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, 2025ರ ಜನವರಿಯಲ್ಲಿ, ಮಗ ಬೇರೆಯಾಗಿ ಬರೆದುಕೊಟ್ಟಿದ್ದ ವಾಗ್ದಾನ ಪತ್ರವನ್ನೂ ಪರಿಗಣಿಸಿ ದಾನಪತ್ರ ರದ್ದು ಮಾಡಿ, ಮನೆಯನ್ನು ತಾಯಿಗೆ ಮರಳಿಸಿತು. ಹಾಗಾಗಿ "ನನ್ನ ಮಗ ಹಾಗಲ್ಲ" ಎನ್ನುವವರೂ ಶರತ್ತನ್ನು ಬರೆಸಿ. ಹಿಬಾಕ್ಕೆ ಶರತ್ತು ಹಾಕುವುದರಲ್ಲಿ ಫಿಕ್ಹ್‌ನ ಸೂಕ್ಷ್ಮಗಳಿವೆ. ಕರಡನ್ನು ಆಲಿಮ್ ಮತ್ತು ವಕೀಲ ಇಬ್ಬರಿಗೂ ತೋರಿಸಿ.

ನೀವು ಮಾಡಬೇಕಾದ್ದು

• ಪಹಣಿ, ಖಾತೆ, ಬ್ಯಾಂಕ್ ಪುಸ್ತಕ, ಸಾಲ, ಮಹ್ರ್, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪತ್ನಿಗೂ ತೋರಿಸಿ.

• ಔಷಧಿಯ ಹಣಕ್ಕೆ ನಿಮ್ಮದೇ ಬ್ಯಾಂಕ್ ಖಾತೆ ಇರಲಿ. ಎಟಿಎಂ ಕಾರ್ಡಿನ ಗುಟ್ಟು ಯಾರಿಗೂ ಬೇಡ.

• ಬ್ಯಾಂಕಿನ ನಾಮಿನಿ ಹಣ ಪಡೆಯುವವರಷ್ಟೇ, ಹಣ ವಾರೀಸುದಾರರೆಲ್ಲರದು.

• ಗಂಡ ತೀರಿದ ನಲವತ್ತು ದಿನದೊಳಗೆ ವಿಧವೆಯಿಂದ, ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಬೇಡಿ. ಕೇಳಿದರೆ, ತಾಯಂದಿರೇ, ಹಾಕಬೇಡಿ. ಮಹಿಳೆಯರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವಿದೆ.

• ತೊಂದರೆಯಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಕರೆ ಉಚಿತ.

ಮಕ್ಕಳಿಗೂ ಒಂದು ಮಾತು. ಮುಪ್ಪಿನ ಮಾತಾಪಿತರ ಮುಂದೆ ಬೇಸರದ ಉದ್ಗಾರವನ್ನೂ ತೆಗೆಯಬಾರದೆಂಬುದು ಕುರ್‌ಆನ್‌ನ ತಾಕೀತು. ಪತ್ರಕ್ಕೆ ಸಹಿ ಕೇಳುವ ಮುನ್ನ, ಈ ತಿಂಗಳು ಅವರ ಮಾತ್ರೆಯ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿ.