ಸೂಫ್ಯಾನ್ ಸ್ಟೀವನ್ಸ್: ಹಾಡು, ನಂಬುಗೆ, ಬಾಳು

ಹಾಡು ಹಿಡಿಸಿತೆಂದ ಮಾತ್ರಕ್ಕೆ ಹಾಡಿದವನ ಮನೆವಾರ್ತೆಯನ್ನೆಲ್ಲ ತಿಳಿಯಬೇಕೆ? ಬೇಕೆನ್ನುವವರು ಉಂಟು, ಬೇಡವೆನ್ನುವವರೂ ಉಂಟು. ಕವಿಯ ಜೀವನಕ್ಕೂ ಅವನ ಕಾವ್ಯಕ್ಕೂ ಇರುವ ಸಂಬಂಧ ಎಂಥದು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ನಾವೆಲ್ಲರೂ ಎರಡು ಪುಟದ ಉತ್ತರ ಬರೆದವರೇ. ಆದರೆ ಅದು ನನ್ನ ಸ್ವಂತ ಪ್ರಶ್ನೆಯಾದುದು ನಾನು ಎರಡನೆಯ ಬಿ.ಎ. ತರಗತಿಯಲ್ಲಿದ್ದಾಗ, ಅಮೆರಿಕದ ಒಬ್ಬ ಹಾಡುಗಾರನ ದೆಸೆಯಿಂದ. ಆತನ ಹೆಸರು ಸೂಫ್ಯಾನ್ ಸ್ಟೀವನ್ಸ್. ಆತನ ಹಾಡು, ನಂಬುಗೆ, ಬಾಳು ಈ ಮೂರೂ ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ನಮ್ಮ ಮನೆಯಲ್ಲಿ ಹಾಡೆಂದರೆ ಸೋಮವಾರದ ಭಜನೆ. ಬಸವಣ್ಣನ ಗುಡಿಯಲ್ಲಿ ಏಕತಾರಿ, ದಮ್ಮಡಿ ಹಿಡಿದು ಹಿರಿಯರು ತತ್ತ್ವಪದ ಹಾಡುತ್ತಾರೆ. ಅವ್ವ ಹಿಂದೆ ಕುಳಿತು ದನಿಗೂಡಿಸುತ್ತಾಳೆ. ಇಂಗ್ಲಿಷ್ ಹಾಡು ನನಗೆ ಪರಿಚಯವಾದುದು ವಿದ್ಯಾರ್ಥಿನಿಲಯದಲ್ಲಿ. ಕೋಣೆಯ ಗೆಳೆಯನೊಬ್ಬ ಒಂದು ರಾತ್ರಿ ತನ್ನ ಮೊಬೈಲಿನಲ್ಲಿ ಸ್ಟೀವನ್ಸನ ಹಾಡನ್ನು ಕೇಳಿಸಿದ. ಒಂದು ಗಿಟಾರು, ಅದರ ಮೇಲೆ ಪಿಸುಮಾತಿನಂಥ ಒಂದು ದನಿ. ಪದಗಳು ಅರ್ಧಕ್ಕರ್ಧ ತಿಳಿಯಲಿಲ್ಲ. ಮರುದಿನ ನಮ್ಮ ಇಂಗ್ಲಿಷ್ ಅಧ್ಯಾಪಕರ ಮುಂದೆ ಕುಳಿತು ಸಾಲುಸಾಲಾಗಿ ಅರ್ಥ ಮಾಡಿಕೊಂಡೆ. ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೂ ಕೇಳಿಸಿದೆ. ಆಕೆ ಸ್ವಲ್ಪ ಹೊತ್ತು ಕೇಳಿ, "ಭಾಳ ಮೆಲ್ಲಕ ಹಾಡ್ತಾನ ನೋಡು, ಮಲಗಿದವರನ್ನ ಎಬ್ಬಿಸಬಾರದು ಅನ್ನೂ ಹಂಗ" ಎಂದಳು. ಇಂಗ್ಲಿಷಿನ ಒಂದು ಅಕ್ಷರವೂ ಬಾರದ ಅವ್ವನ ಈ ಮಾತಿಗಿಂತ ಸರಿಯಾದ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ಈತನನ್ನು 'ಇಂಡಿ ಫೋಕ್' ಗಾಯಕನೆಂದು ಕರೆಯುತ್ತಾರೆ. ಈ ಎರಡು ಪದಗಳನ್ನು ಮೊದಲು ಬಿಡಿಸಿಕೊಳ್ಳಬೇಕು. 'ಇಂಡಿ' ಎಂದರೆ ಸ್ವತಂತ್ರ. ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ತನ್ನ ಹಾಡನ್ನು ತಾನೇ ಹೊರತರುವವನು ಎಂಬ ಅರ್ಥ. ಸ್ಟೀವನ್ಸನು 1999ರಲ್ಲಿ ತನ್ನ ಮಲತಂದೆ ಲೊವೆಲ್ ಬ್ರಾಮ್ಸನೊಡನೆ 'ಆಸ್ತ್‌ಮ್ಯಾಟಿಕ್ ಕಿಟ್ಟಿ' ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದನು. ಹೆಸರಿನ ಅರ್ಥ 'ಉಬ್ಬಸದ ಬೆಕ್ಕಿನ ಮರಿ'! ಇನ್ನು 'ಫೋಕ್' ಎಂದರೆ ಜಾನಪದವೆಂದು ನಾವು ಅನುವಾದಿಸುತ್ತೇವೆ. ಆದರೆ ಎರಡೂ ಒಂದೇ ಅಲ್ಲ. ನಮ್ಮ ಜನಪದ ಗೀತೆಗೆ ಕರ್ತೃವಿಲ್ಲ. ಬೀಸುವ ಕಲ್ಲಿನ ಮುಂದೆ ಹುಟ್ಟಿ ಬಾಯಿಂದ ಬಾಯಿಗೆ ಬಂದದ್ದು. ಅಮೆರಿಕದಲ್ಲಿ ಕಳೆದ ಶತಮಾನದ ನಡುವಿನಿಂದೀಚೆಗೆ, ಗಿಟಾರು ಇಲ್ಲವೆ ಬ್ಯಾಂಜೊ ಹಿಡಿದು, ತಾನೇ ಕಟ್ಟಿದ ಹಾಡನ್ನು ಸರಳವಾಗಿ ಹಾಡುವವನಿಗೂ ಆ ಹೆಸರು ಸಲ್ಲುತ್ತ ಬಂದಿದೆ. ಆ ದೃಷ್ಟಿಯಿಂದ ಈತ ನಮ್ಮ ತತ್ತ್ವಪದಕಾರರಿಗೆ ಹತ್ತಿರದವನು. ಹಾಡಿನ ರೂಪ ಜನರದು, ಒಳಗಿನ ಸಂಕಟ ಹಾಡಿದವನದು.

ಸ್ಟೀವನ್ಸನು ಹುಟ್ಟಿದ್ದು 1975ರಲ್ಲಿ, ಮಿಷಿಗನ್ ಸಂಸ್ಥಾನದ ಡೆಟ್ರಾಯಿಟ್ ನಗರದಲ್ಲಿ. 'ಸೂಫ್ಯಾನ್' ಎಂಬುದು ಅಮೆರಿಕದವರ ಹೆಸರಿನಂತಿಲ್ಲವಲ್ಲ ಎಂದು ಯಾರಿಗಾದರೂ ತೋರೀತು. ಆತನ ತಂದೆತಾಯಿಗಳು ಇಂಡೋನೇಷ್ಯದಲ್ಲಿ ಹುಟ್ಟಿದ 'ಸುಬುದ್' ಎಂಬ ಆಧ್ಯಾತ್ಮಿಕ ಪಂಥದ ಅನುಯಾಯಿಗಳಾಗಿದ್ದರು. ಹೆಸರು ಆ ಕಡೆಯಿಂದ ಬಂದದ್ದು. ಕ್ರೈಸ್ತನಾಗಿ ಬೆಳೆದು, ಬೈಬಲನ್ನು ಹಾಡಿ ಪ್ರಸಿದ್ಧನಾದವನ ಹೆಸರು ಹೀಗೆ ಅರಬ್ಬೀ ಮೂಲದ್ದಾಗಿರುವುದು ಸ್ವಾರಸ್ಯವಾದ ಸಂಗತಿ. ಮಿಷಿಗನ್ನಿನಲ್ಲಿಯೇ ಇರುವ ಹೋಪ್ ಕಾಲೇಜಿನಲ್ಲಿ ಓದಿ, ಮುಂದೆ ನ್ಯೂಯಾರ್ಕಿಗೆ ಹೋಗಿ ಕಥೆ ಬರೆಯುವ ಕಲೆಯನ್ನು ಅಭ್ಯಾಸ ಮಾಡಿದನು. ಕಥೆಗಾರನಾಗಲು ಹೋದವನು ಹಾಡುಗಾರನಾದರೂ ಕಥೆಯನ್ನು ಬಿಡಲಿಲ್ಲವೆಂಬುದಕ್ಕೆ ಆತನ ಹಾಡುಗಳೇ ಸಾಕ್ಷಿ.

ಆತನಿಗೆ ಹೆಸರು ತಂದದ್ದು 2003ರ 'ಮಿಷಿಗನ್' ಎಂಬ ಹಾಡುಗಳ ಸಂಪುಟ. ತನ್ನ ಸಂಸ್ಥಾನದ ಊರು, ಕೆರೆ, ಹೆದ್ದಾರಿಗಳನ್ನು ಕುರಿತ ಈ ಸಂಪುಟದ ಮೊದಲ ಹಾಡೇ ಫ್ಲಿಂಟ್ ಎಂಬ ಪಟ್ಟಣದ ನಿರುದ್ಯೋಗಿಗಳಿಗೂ ಅರೆಸಂಬಳದವರಿಗೂ ಅರ್ಪಿತವಾಗಿದೆ. ಫ್ಲಿಂಟ್ ಒಂದು ಕಾಲಕ್ಕೆ ಮೋಟಾರು ಕಾರಖಾನೆಗಳಿಂದ ಬಾಳಿದ ಊರು. ಕಾರಖಾನೆಗಳು ಮುಚ್ಚಿದಂತೆ ಊರೂ ಬಡವಾಯಿತು. ತನ್ನ ಸಂಸ್ಥಾನವನ್ನು ಹೊಗಳಲು ಹೊರಟವನು ಕೆಲಸ ಕಳೆದುಕೊಂಡವನಿಂದ ಆರಂಭಿಸಿದ್ದು ನನಗೆ ಬಹುವಾಗಿ ಮೆಚ್ಚಿಗೆಯಾಯಿತು. ನಾಡಪ್ರೇಮವೆಂದರೆ ನದಿ ಬೆಟ್ಟಗಳ ಪಟ್ಟಿಯಷ್ಟೇ ಅಲ್ಲವಲ್ಲ!

ಆಗ ಆತ ಒಂದು ದೊಡ್ಡ ಮಾತಾಡಿದ. ಅಮೆರಿಕದ 50 ಸಂಸ್ಥಾನಗಳಿಗೂ ಒಂದೊಂದು ಸಂಪುಟ ರಚಿಸುವೆನೆಂದ. ಆಗಿದ್ದು ಎರಡೇ. ಎರಡನೆಯದು 2005ರ 'ಇಲಿನಾಯ್'. ಮುಂದೆ, ಆ ಘೋಷಣೆ ಪ್ರಚಾರದ ಒಂದು ಉಪಾಯವಾಗಿತ್ತೆಂದು ತಾನೇ ಒಪ್ಪಿಕೊಂಡ. ಆದರೆ 'ಇಲಿನಾಯ್' ಮಾತ್ರ ಉಪಾಯವಲ್ಲ. 22 ಭಾಗಗಳ ಈ ಸಂಪುಟದಲ್ಲಿ ಷಿಕಾಗೋ ನಗರದ 1893ರ ಮಹಾಪ್ರದರ್ಶನವನ್ನು ಕುರಿತ ಹಾಡೊಂದಿದೆ. ಆ ಪ್ರದರ್ಶನದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಮಾತಾಡಿದ್ದು ಎಂಬುದನ್ನು ನೆನೆದಾಗ, ದೂರದ ಹಾಡು ಒಂದು ಹೆಜ್ಜೆ ಹತ್ತಿರ ಬಂದಂತಾಯಿತು.

ಇನ್ನು ನಂಬುಗೆಯ ಮಾತು. 2004ರ 'ಸೆವೆನ್ ಸ್ವಾನ್ಸ್', ಎಂದರೆ 'ಏಳು ಹಂಸಗಳು', ಎಂಬ ಸಂಪುಟದಲ್ಲಿ ಅಬ್ರಹಾಮನ ಬಲಿಯ ಕಥೆಯೂ ಏಸುವು ಬೆಟ್ಟದ ಮೇಲೆ ತೇಜೋರೂಪ ತಳೆದ ಪ್ರಸಂಗವೂ ಹಾಡಾಗಿವೆ. ಕ್ರಿಸ್ಮಸ್ ಹಬ್ಬಕ್ಕೆಂದು ವರ್ಷವರ್ಷವೂ ಮನೆಯವರಿಗೂ ಗೆಳೆಯರಿಗೂ ಹಾಡು ಮಾಡಿ ಕೊಡುವ ರೂಢಿ ಆತನಿಗಿತ್ತು. ಅವನ್ನು 2006ರಲ್ಲಿ 42, 2012ರಲ್ಲಿ 58, ಒಟ್ಟು 100 ಹಾಡುಗಳಾಗಿ ಪ್ರಕಟಿಸಿದನು. ಇಷ್ಟಾದರೂ ಆತ ಧರ್ಮಪ್ರಚಾರಕನಲ್ಲ. ಅಮೆರಿಕದಲ್ಲಿ 'ಕ್ರೈಸ್ತ ಸಂಗೀತ'ವೆಂದು ಬೇರೆಯೇ ಒಂದು ಮಾರುಕಟ್ಟೆ ಇದೆ; ಆತ ಅತ್ತ ಹೋಗಲಿಲ್ಲ. ವೇದಿಕೆಯಿಂದ ಉಪದೇಶ ಮಾಡಲಿಲ್ಲ.

ಆತನ ನಂಬುಗೆಯ ರೀತಿ ತಿಳಿಯಬೇಕಾದರೆ 'ಕ್ಯಾಸಿಮಿರ್ ಪುಲಾಸ್ಕಿ ಡೇ' ಎಂಬ ಹಾಡನ್ನು ಕೇಳಬೇಕು. ಅದು ಇಲಿನಾಯ್ ಸಂಸ್ಥಾನದಲ್ಲಿ ಮಾರ್ಚಿಯ ಮೊದಲ ಸೋಮವಾರ ಬರುವ ರಜೆಯ ದಿನದ ಹೆಸರು. ಹಾಡಿನಲ್ಲಿ ಒಬ್ಬ ಹುಡುಗಿಗೆ ಎಲುಬಿನ ಕ್ಯಾನ್ಸರ್. ಗೆಳೆಯರು ಬೈಬಲ್ ಓದಿ, ಮೈಮುಟ್ಟಿ ಪ್ರಾರ್ಥಿಸುತ್ತಾರೆ. ಏನೂ ಆಗುವುದಿಲ್ಲ. ರಜೆಯ ದಿನ ಆಕೆ ತೀರಿಕೊಳ್ಳುತ್ತಾಳೆ. ಸಾಮಾನ್ಯವಾಗಿ ಭಕ್ತಿಯ ಹಾಡಿನಲ್ಲಿ ಮೊರೆಯಿಟ್ಟವರಿಗೆ ದೇವರು ಓಗೊಡುತ್ತಾನೆ. ಇಲ್ಲವೆ ನಾಸ್ತಿಕನ ಹಾಡಿನಲ್ಲಿ ದೇವರೇ ಇಲ್ಲವೆಂದಾಗುತ್ತದೆ. ಇಲ್ಲಿ ಎರಡೂ ಇಲ್ಲ. ದೇವರು ಇದ್ದಾನೆ, ಕೊಡುವವನೂ ಅವನೇ, ಕಸಿದುಕೊಳ್ಳುವವನೂ ಅವನೇ. ಹಾಡುಗಾರ ಅವನನ್ನು ತೊರೆಯುವುದೂ ಇಲ್ಲ, ಸುಮ್ಮನೆ ಕ್ಷಮಿಸಿಬಿಡುವುದೂ ಇಲ್ಲ. ನಮ್ಮ ಭಕ್ತರು ದೇವರೊಡನೆ ಜಗಳವಾಡಿದ್ದನ್ನು ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಈ ಜಗಳದ ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದರೆ ಆತನ ತಾಯಿಯ ಬಳಿಗೆ ಬರುತ್ತೇವೆ. ತಾಯಿ ಕ್ಯಾರಿ, ಮಗ ಒಂದು ವರ್ಷದವನಿದ್ದಾಗ ಮನೆಬಿಟ್ಟು ಹೋದಳು. ಆಕೆಗೆ ಮನೋರೋಗವಿತ್ತು, ವ್ಯಸನಗಳೂ ಇದ್ದವು. ಮುಂದೆ ಆಕೆ ಲೊವೆಲ್ ಬ್ರಾಮ್ಸನನ್ನು ಮದುವೆಯಾಗಿ ಕೆಲವು ವರ್ಷ ಬಾಳಿದಳು. ಆ ಅವಧಿಯಲ್ಲಿ ಮಕ್ಕಳು ಮೂರು ಬೇಸಗೆ ಆಕೆಯೊಡನೆ ಆರಿಗನ್ ಸಂಸ್ಥಾನದಲ್ಲಿ ಕಳೆದರು. ತಾಯಿ ಮಗನ ಒಡನಾಟವೆಂದರೆ ಮುಖ್ಯವಾಗಿ ಅಷ್ಟೇ. ಆ ಮದುವೆಯೂ ಮುರಿಯಿತು. ಆದರೆ ಲೊವೆಲ್ ಮಾತ್ರ ಆ ಮಗನ ಕೈಬಿಡಲಿಲ್ಲ. 2012ರ ಡಿಸೆಂಬರಿನಲ್ಲಿ ಕ್ಯಾರಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಳು. 2015ರಲ್ಲಿ ಮಗನು 'ಕ್ಯಾರಿ ಅಂಡ್ ಲೊವೆಲ್' ಎಂಬ ಸಂಪುಟವನ್ನು ಪ್ರಕಟಿಸಿದನು. ಹಿಂದಿನ ಸಂಪುಟಗಳಲ್ಲಿದ್ದ ಕಹಳೆ, ಪಿಟೀಲು, ಯಂತ್ರವಾದ್ಯಗಳ ಆರ್ಭಟವೆಲ್ಲ ಇಲ್ಲಿ ಅಡಗಿ, ಗಿಟಾರು ಮತ್ತು ಪಿಸುದನಿ ಮಾತ್ರ ಉಳಿದಿವೆ. ನನ್ನ ಗೆಳೆಯ ಆ ರಾತ್ರಿ ಕೇಳಿಸಿದ್ದು ಇದರ ಮೊದಲ ಹಾಡನ್ನೇ. ಸತ್ತ ತಾಯಿಯನ್ನು ಮಗನು ಅದರಲ್ಲಿ ಕ್ಷಮಿಸುತ್ತಾನೆ.

ಇಲ್ಲಿ ನನ್ನ ವಿಷಯವಾಗಿ ಎರಡು ಮಾತು ಹೇಳುವುದು ಅನಿವಾರ್ಯ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಗೋವೆಗೆ ದುಡಿಯಲು ಹೋದವರು ಮರಳಿ ಬರಲಿಲ್ಲ. ಮೊದಮೊದಲು ಹಣ ಬರುತ್ತಿತ್ತು. ಆಮೇಲೆ ಸುದ್ದಿಯೂ ನಿಂತಿತು. ಎರಡನೆಯ ಬಿ.ಎ.ಯಲ್ಲಿದ್ದಾಗ ಅವರು ಅಲ್ಲಿಯೇ ತೀರಿಹೋದರೆಂದು ಊರಿನವರೊಬ್ಬರು ತಿಳಿಸಿದರು. ನನಗೆ ಅಳು ಬರಲಿಲ್ಲ. ಬರದಿದ್ದುದಕ್ಕೆ ನಾಚಿಕೆಯಾಯಿತು. ಒಡನಾಡಿದವರು ಹೋದರೆ ನೆನೆದು ಅಳಬಹುದು. ನೆನೆಯಲು ಏನೂ ಬಿಡದೆ ಹೋದವರಿಗಾಗಿ ಅಳುವುದು ಹೇಗೆ? ಆ ದಿನಗಳಲ್ಲಿ ನಾನು ಕೇಳಿದ ಹಾಡು ಇದು. ಇಲ್ಲದ ನೆನಪನ್ನು ಕೆದಕಿ, ಮೂರು ಬೇಸಗೆಯ ಚೂರುಪಾರನ್ನೇ ಎತ್ತಿ ಎತ್ತಿ ನೋಡಿ ಒಬ್ಬ ಮಗ ಅಳುತ್ತಿದ್ದಾನೆ. ದುಃಖಕ್ಕೆ ಹಕ್ಕುಪತ್ರ ಬೇಕಿಲ್ಲವೆಂದು ನನಗೆ ಆಗ ತಿಳಿಯಿತು.

ಆ ಬಳಿಕ ಆತನ ಬಾಳನ್ನು ಇನ್ನಷ್ಟು ಆಸೆಯಿಂದ ಹಿಂಬಾಲಿಸಿದೆ. 2018ರಲ್ಲಿ ಆತನ ಚಲನಚಿತ್ರಗೀತೆಯೊಂದು ಆಸ್ಕರ್ ಪ್ರಶಸ್ತಿಗೆ ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 2020ರಲ್ಲಿ ತಂದೆ ತೀರಿಕೊಂಡಾಗ ಆತ ಒಂದು ಮಾತನ್ನೂ ಹಾಡದೆ, ಬರಿಯ ವಾದ್ಯಗಳ 49 ರಚನೆಗಳನ್ನು 2021ರಲ್ಲಿ ಹೊರತಂದನು. 2023ರ ಸೆಪ್ಟೆಂಬರಿನಲ್ಲಿ ತನಗೆ ಗಿಲಾನ್-ಬಾರೆ ಎಂಬ ಕಾಯಿಲೆ ತಗುಲಿದೆಯೆಂದು ತಿಳಿಸಿದನು. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಮೇಲೆ ತಿರುಗಿ ಬೀಳುವ ವಿಚಿತ್ರ ರೋಗವದು. ಆತ ನಡೆಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ಅದೇ ಅಕ್ಟೋಬರಿನಲ್ಲಿ 'ಜ್ಯಾವೆಲಿನ್' ಎಂಬ ಸಂಪುಟ ಬಂದಿತು. ಅದನ್ನು ಅದೇ ವರ್ಷದ ಏಪ್ರಿಲಿನಲ್ಲಿ ತೀರಿಹೋದ ತನ್ನ ಸಂಗಾತಿಗೆ ಅರ್ಪಿಸಿದನು. ಆ ಸಂಗಾತಿ ಪುರುಷ. ತನ್ನ ಪ್ರೇಮಜೀವನವನ್ನು ಕುರಿತು ಅಲ್ಲಿಯವರೆಗೂ ಮೌನವಾಗಿದ್ದವನು ಅಂದು ಬಾಯ್ದೆರೆದದ್ದು ಘೋಷಣೆಗಾಗಿ ಅಲ್ಲ, ಸತ್ತವನಿಗೆ ಸಲ್ಲಬೇಕಾದ ಗೌರವ ಸಲ್ಲಿಸಲು. ಆತನ ಪ್ರೇಮ ಹೀಗಿರಬೇಕೆ, ಆತನ ಭಕ್ತಿ ನಿಜವೆ ಎಂದು ತಕ್ಕಡಿ ಹಿಡಿದು ತೂಗುವವರು ಉಂಟು. ದಶಕಗಳಿಂದ ಪ್ರಾರ್ಥಿಸುತ್ತಲೇ ಹಾಡಿದವನ ಭಕ್ತಿಯನ್ನು ಅಳೆಯುವ ತಕ್ಕಡಿ ನನ್ನ ಕೈಯಲ್ಲಂತೂ ಇಲ್ಲ.

ಕೊನೆಯದಾಗಿ ಒಂದು ಸಂಗತಿ. 2025ರಲ್ಲಿ 'ಕ್ಯಾರಿ ಅಂಡ್ ಲೊವೆಲ್' ಸಂಪುಟಕ್ಕೆ ಹತ್ತು ವರ್ಷ ತುಂಬಿ, ಅದು ಮರಳಿ ಪ್ರಕಟವಾಯಿತು. ಜಗತ್ತೇ ಕೊಂಡಾಡಿದ ಆ ಕೃತಿಯ ಬಗ್ಗೆ ತನಗೆ ಮುಜುಗರವಿದೆಯೆಂದು ಹಾಡುಗಾರನೇ ಆಗ ಹೇಳಿದನು. ತಾಯಿ ತನ್ನ ಪರವಾಗಿ ಮಾತಾಡಲು ಇಲ್ಲದಿರುವಾಗ, ಆಕೆಯ ಕಥೆಯನ್ನು ತಾನು ಹೇಳಿದ್ದು ಸರಿಯೆ ಎಂಬ ಅಳುಕು ಅದರ ಹಿಂದಿತ್ತು. ಇದನ್ನು ಓದಿದಾಗ ನಾನು ಮೊದಲು ಕೇಳಿದ ಪ್ರಶ್ನೆ ತಿರುಗಿ ನನ್ನತ್ತಲೇ ಬಂದಿತು. ಆತನ ಮನೆವಾರ್ತೆಯನ್ನು ತಿಳಿದದ್ದರಿಂದ ನನಗೆ ಉಪಕಾರವಾಗಿದೆ, ಸುಳ್ಳು ಹೇಳಲಾರೆ. ಆದರೆ ಆ ವಾರ್ತೆಯಲ್ಲಿ ಇನ್ನೊಬ್ಬರ ಪಾಲೂ ಇರುತ್ತದೆ. ಆ ಇನ್ನೊಬ್ಬರು ಮಾತಾಡಲಾರರು.

ಆದುದರಿಂದ ನನಗೆ ತೋರುವುದು ಇಷ್ಟು. ಹಾಡುಗಾರನು ತಾನಾಗಿ ತೆರೆದ ಬಾಗಿಲಿನಿಂದ ಒಳಗೆ ಹೋಗೋಣ. ತೆರೆಯದ ಕೋಣೆಗಳ ಕಿಂಡಿಯಲ್ಲಿ ಇಣುಕುವುದು ಬೇಡ. ಅಪ್ಪ ಗೋವೆಯಲ್ಲಿ ಹೇಗೆ ಬಾಳಿದರು, ಏಕೆ ಬರಲಿಲ್ಲ ಎಂಬುದಕ್ಕೆ ಊರಿನಲ್ಲಿ ನಾಲ್ಕಾರು ಕಥೆಗಳಿವೆ. ಅವನ್ನು ನಾನು ಇಲ್ಲಿ ಬರೆದಿಲ್ಲ. ಅವುಗಳಿಗೆ ಉತ್ತರ ಕೊಡಲು ಅವರಿಲ್ಲ. ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಅವ್ವನಿಗೆ ಓದಿ ಹೇಳಿದೆ. ಅಪ್ಪನ ಮಾತು ಬಂದಾಗ ಆಕೆ ಕೈಯೊಳಗಿನ ಕೆಲಸ ನಿಲ್ಲಿಸಿದಳು. "ಅಷ್ಟಽ ಇರಲಿ, ಹೆಚ್ಚಿಗಿ ಬರೀಬ್ಯಾಡ" ಎಂದಳು. ಅಷ್ಟೇ ಬರೆದಿದ್ದೇನೆ.